ಬೆಂಕಿ ಮತ್ತು ನೀರು: ಶಾಲಾ ಪ್ರಯೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

8ರಿಂದ 10ನೇ ತರಗತಿಯ ವಿಜ್ಞಾನ ಶಿಕ್ಷಕರು, ಮಕ್ಕಳು ಮತ್ತು ಅವರ ಮನೆಯವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಂಧನ ಉರಿಸುವ ಪ್ರಯೋಗಗಳು ಮೊದಲು, ನೀರಿನ ಪರೀಕ್ಷೆಗಳು ಆಮೇಲೆ. ಸುಸಜ್ಜಿತ ಲ್ಯಾಬ್ ಇಲ್ಲದ ಶಾಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ದಹನ, ನೀರಿನ ಗುಣಮಟ್ಟ ಎರಡನ್ನೂ ಒಟ್ಟಿಗೆ ಮಾಡಿಸುವುದೇಕೆ? ಅವು ಬೇರೆ ಬೇರೆ ಪಾಠಗಳಲ್ಲವೇ?

ಪಾಠ ಬೇರೆ, ಲೆಕ್ಕ ಒಂದೇ. ಅದು ಆಮ್ಲಜನಕದ ಲೆಕ್ಕ. ಸೌದೆ ಉರಿಯುವಾಗ ಅದರಲ್ಲಿನ ಇಂಗಾಲ ಗಾಳಿಯ ಆಮ್ಲಜನಕದೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಶಾಖ ಹೊರಬರುತ್ತದೆ. ಕೆರೆಗೆ ಬಿದ್ದ ಕೊಳಚೆಯನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗಲೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಆದರೆ ನಿಧಾನವಾಗಿ, ಜ್ವಾಲೆಯಿಲ್ಲದೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಂಡು. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗಿ ಉಳಿಯುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಅಷ್ಟು ಖರ್ಚಾಗಲು ಹೊತ್ತು ಬೇಕಿಲ್ಲ. ಖರ್ಚಾದರೆ ಮೀನು ಸಾಯುತ್ತವೆ, ಕೆರೆ ನಾರುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಈ ಎರಡೂ ಪಾಠಗಳು ಒಂದೇ ಕಡೆ ಕಂಡವು. 2015ರ ಮೇ, 2017ರ ಫೆಬ್ರುವರಿ, 2018ರ ಜನವರಿ ತಿಂಗಳುಗಳಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೆರೆಗೆ ಬೆಂಕಿ ಬೀಳುವುದು ಹೇಗೆ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ನೀರು ಉರಿಯುವುದಿಲ್ಲ. ಅದರ ಮೇಲಿನ ಒಣಗಿದ ಕಳೆ, ಕಸ, ತೇಲುವ ಎಣ್ಣೆಯ ಅಂಶ, ತಳದಲ್ಲಿ ಆಮ್ಲಜನಕವಿಲ್ಲದೆ ಕೊಳೆತಾಗ ಏಳುವ ಮೀಥೇನ್ ಇವು ಉರಿಯಬಲ್ಲವು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಯಹೋಗ ನದಿ 1969ರ ಜೂನ್ 22ರಂದು ಹೊತ್ತಿಕೊಂಡದ್ದೂ ಎಣ್ಣೆ ಅಂಟಿದ ಕಸದಿಂದಲೇ. ಈ ಒಂದು ಪ್ರಶ್ನೆಯಿಂದ ಎರಡು ತಿಂಗಳ ಪ್ರಯೋಗಗಳನ್ನು ಶುರು ಮಾಡಬಹುದು.

ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ. ಕನಿಷ್ಠ ಏನೇನು ಬೇಕು?

ಒಂದು ಥರ್ಮಾಮೀಟರು, 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಗುರುತು ಹಾಕಿದ ಅಳತೆಯ ಲೋಟ, ಕೆಲವು ಪ್ರನಾಳ. ಹಣ ಇರುವುದೇ ಸ್ವಲ್ಪವಾದರೆ ತಕ್ಕಡಿಗೇ ಹಾಕಿ. ಅಕ್ಕಸಾಲಿಗರು ಬಳಸುವಂಥ ಚಿಕ್ಕದು ಸಾಕು, ದುಬಾರಿಯಲ್ಲ. ಥರ್ಮಾಮೀಟರು ಕೆಂಪು ಆಲ್ಕೋಹಾಲ್ ತುಂಬಿದ್ದಿರಲಿ, ಪಾದರಸದ್ದು ಬೇಡ. ತರಗತಿಯಲ್ಲಿ ಒಡೆದರೆ ನೆಲದ ಸಂದಿಗೆ ಹೋದ ಪಾದರಸವನ್ನು ಪೂರ್ತಿ ತೆಗೆಯಲಾಗದು. ಉಳಿದದ್ದು ಮನೆಯಲ್ಲೇ ಸಿಗುತ್ತದೆ: ಎಲೆ ಅಡಿಕೆಯ ಸುಣ್ಣ, ಅರಿಸಿನ, ಕೆಂಪು ದಾಸವಾಳ, ಪಟಿಕ, ಮೇಣದಬತ್ತಿ, ಪಾರದರ್ಶಕ ಬಾಟಲಿಗಳು.

ಮಗಳು ತರಗತಿಯಲ್ಲಿ ಬೆಂಕಿ ಹಚ್ಚುತ್ತಾಳೆ ಅಂದರೆ ಭಯವಾಗುತ್ತದೆ. ಇದು ಸುರಕ್ಷಿತವೇ?

ಭಯ ಸಹಜ. ಶಾಲೆಯನ್ನು ಈ ವಿಷಯದಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿ. ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು, ಒದ್ದೆ ಮಾಡಿದ ದಪ್ಪ ಹತ್ತಿ ಬಟ್ಟೆ ಕೈಗೆಟುಕುವಂತಿರಬೇಕು. ಕೂದಲು ಕಟ್ಟಿರಬೇಕು, ದುಪಟ್ಟಾ ತೆಗೆದಿಡಬೇಕು ಅಥವಾ ಹಿಂದಕ್ಕೆ ಬಿಗಿಯಾಗಿ ಕಟ್ಟಬೇಕು. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಆದ್ದರಿಂದ ಪ್ರಯೋಗದ ದಿನ ಹತ್ತಿ ಬಟ್ಟೆಯೇ ಸರಿ. ಕಿಟಕಿಗಳು ತೆರೆದಿರಬೇಕು. ಇದ್ದಿಲನ್ನಂತೂ ಮುಚ್ಚಿದ ಕೋಣೆಯಲ್ಲಿ ಎಂದಿಗೂ ಉರಿಸಬಾರದು. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಶಾಲೆಯ ಅಪಘಾತಗಳಲ್ಲಿ ತುಂಬ ಕೆಟ್ಟದ್ದು ಸ್ಪಿರಿಟ್‌ನಿಂದ ಆಗುವಂಥದ್ದು. ಹಗಲಿನಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣುವುದೇ ಕಡಿಮೆ. ದೀಪ ಆರಿದೆ ಅಂದುಕೊಂಡು ಬಾಟಲಿಯಿಂದ ಸುರಿದರೆ ಬೆಂಕಿ ಬಾಟಲಿಯೊಳಕ್ಕೇ ನೆಗೆದು ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಅದಕ್ಕೇ ನಿಯಮ ಇದು: ದೀಪಗಳನ್ನು ತರಗತಿ ಶುರುವಾಗುವ ಮೊದಲೇ ಶಿಕ್ಷಕರು ತುಂಬಬೇಕು, ಸ್ಪಿರಿಟ್ ಬಾಟಲಿ ಆ ಕೋಣೆಯಲ್ಲೇ ಇರಬಾರದು. ಮೆಥನಾಲ್ ಬಳಸಿ ಬಣ್ಣ ಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನ ನೋಡಲು ಚೆಂದ, ಆದರೆ ಬೇರೆ ದೇಶಗಳಲ್ಲಿ ಎಷ್ಟೋ ಮಕ್ಕಳು ಅದರಿಂದ ಸುಟ್ಟುಕೊಂಡಿದ್ದಾರೆ. ಅದು ಬೇಡ.

ಸುಟ್ಟರೆ ಕೂಡಲೇ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ತುಪ್ಪ, ಇಂಕು, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಬೊಬ್ಬೆ ದೊಡ್ಡದಾದರೆ, ಅಥವಾ ಮುಖ, ಕೈ ಸುಟ್ಟಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಕವುಚಿದರೆ ನೀರು ಮೇಲೇರುತ್ತದೆ. ಆಮ್ಲಜನಕ ಖಾಲಿಯಾದ್ದರಿಂದ ಅಲ್ಲವೇ?

ಎಷ್ಟೋ ವರ್ಷಗಳಿಂದ ಹಾಗೇ ಹೇಳಿಕೊಡುತ್ತಿದ್ದೇವೆ, ಆದರೆ ಆ ವಿವರಣೆ ನಿಲ್ಲುವುದಿಲ್ಲ. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬರುತ್ತವೆಯೇ ಎಂದು ಮಕ್ಕಳಿಗೆ ಗಮನಿಸಲು ಹೇಳಿ. ಜ್ವಾಲೆಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರು ಯಾವಾಗ ಏರಿತು ಎಂಬುದೂ ಸಾಕ್ಷಿಯೇ. ಆಮ್ಲಜನಕ ಖರ್ಚಾಗುವುದು ಬತ್ತಿ ಉರಿಯುವಾಗ. ನೀರು ಸರ್ರನೆ ಏರುವುದು ಅದು ಆರುವ ಹೊತ್ತಿಗೆ ಮತ್ತು ಆಮೇಲೆ.

ಇನ್ನೂ ಗಟ್ಟಿಯಾದ ಪರೀಕ್ಷೆ ಬೇಕಾದರೆ ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟು ಅದೇ ಲೋಟ ಕವುಚಿ. ನೀರು ಇನ್ನೂ ಮೇಲೇರುತ್ತದೆ. ಲೋಟದೊಳಗಿನ ಆಮ್ಲಜನಕವಂತೂ ಮೂರು ಪಟ್ಟಾಗಲಿಲ್ಲ, ಶಾಖ ಹೆಚ್ಚಾಯಿತು ಅಷ್ಟೆ. ಅಲ್ಲದೆ ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದಾಗಲೇ ಮೇಣದಬತ್ತಿ ಆರಿಹೋಗುತ್ತದೆ, ಪೂರ್ತಿ ಖಾಲಿಯಾಗುವವರೆಗೆ ಕಾಯುವುದಿಲ್ಲ. ಮಕ್ಕಳಿಗೆ ಮೊದಲು ಹಳೆಯ ವಿವರಣೆ ಕೊಟ್ಟು, ಆಮೇಲೆ ಮೂರು ಬತ್ತಿ ಹಚ್ಚಿ, "ಈಗೇನು ಹೇಳುತ್ತೀರಿ?" ಎಂದು ಕೇಳಿ. ಇಡೀ ವರ್ಷದಲ್ಲಿ ನನಗೆ ಅತ್ಯಂತ ಇಷ್ಟವಾದ ತರಗತಿ ಅದು.

ಹಾಗಾದರೆ ಗಾಳಿಯ ಐದನೇ ಒಂದು ಭಾಗ ಆಮ್ಲಜನಕ ಎಂದು ತೋರಿಸುವುದು ಹೇಗೆ?

ತುಕ್ಕಿನಿಂದ. ಕಬ್ಬಿಣದ ಉಣ್ಣೆ ಅಥವಾ ಅರದಿಂದ ಉದುರಿದ ಕಬ್ಬಿಣದ ಪುಡಿಯನ್ನು ಸ್ವಲ್ಪ ಹೊತ್ತು ವಿನೆಗರ್‌ನಲ್ಲಿ ನೆನೆಸಿ, ಪ್ರನಾಳದ ತಳಕ್ಕೆ ಒತ್ತಿ, ಪ್ರನಾಳವನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಕೆಲವು ದಿನಗಳಲ್ಲಿ ನೀರು ಸುಮಾರು ಐದನೇ ಒಂದು ಭಾಗದಷ್ಟು ಏರಿ ನಿಲ್ಲುತ್ತದೆ. ಇಲ್ಲಿ ಶಾಖದ ಗೊಂದಲವಿಲ್ಲ, ಆಮ್ಲಜನಕ ನಿಜವಾಗಿಯೂ ಕಬ್ಬಿಣಕ್ಕೆ ಸೇರಿಕೊಂಡಿದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದರೆ ತಿಂಗಳಾದರೂ ಏನೂ ಆಗುವುದಿಲ್ಲ, ಅದು ತುಕ್ಕು ಹಿಡಿಯದ ಸ್ಟೀಲ್. ಬಣ್ಣ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ.

ಸುಣ್ಣದ ತಿಳಿನೀರು ಮಾಡುವುದು ಹೇಗೆ?

ಎಲೆ ಅಡಿಕೆಯ ಸುಣ್ಣ ಒಂದು ಚಮಚವನ್ನು ಬಾಟಲಿ ನೀರಿಗೆ ಹಾಕಿ ಕುಲುಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಬಾಯಿ ಬಿಗಿಯಾಗಿ ಮುಚ್ಚಿಡಿ, ಇಲ್ಲದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡೇ ಅದನ್ನು ಕೆಡಿಸುತ್ತದೆ. ಉರಿಯುವ ಬತ್ತಿಯ ಮೇಲೆ ಹಿಡಿದ ಜಾಡಿಯಲ್ಲಿ ಇದನ್ನು ಹಾಕಿ ಕುಲುಕಿದರೆ ಹಾಲಿನಂತಾಗುತ್ತದೆ. ಕೊಳವೆಯಿಂದ ಊದುತ್ತಲೇ ಹೋದರೆ ಬಿಳುಪು ಮತ್ತೆ ಮಾಯವಾಗುತ್ತದೆ. ಕ್ಯಾಲ್ಸಿಯಂ ಕಾರ್ಬನೇಟ್ ಕರಗುವ ಬೈಕಾರ್ಬನೇಟ್ ಆಗಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಗಡಸು ನೀರಿನ ಪ್ರಶ್ನೆಯಲ್ಲಿ ಬೇಕಾಗುತ್ತದೆ. ಊದುವುದಷ್ಟೇ, ಹೀರಬಾರದು. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಒಂದು ಇಂಧನದಲ್ಲಿ ಎಷ್ಟು ಶಾಖವಿದೆ ಎಂದು ತರಗತಿಯಲ್ಲೇ ಅಳೆಯಬಹುದೇ?

ಖಂಡಿತ ಅಳೆಯಬಹುದು, ಅಳೆಯಲೇಬೇಕು. ತೆಳು ಅಲ್ಯೂಮಿನಿಯಂ ಲೋಟದಲ್ಲಿ 100 ಮಿ.ಲೀ. ನೀರು ತೆಗೆದುಕೊಂಡು ಉಷ್ಣತೆ ಬರೆದುಕೊಳ್ಳಿ. ಸ್ಪಿರಿಟ್ ದೀಪವನ್ನು ಮುಚ್ಚಳ ಸಮೇತ ತೂಗಿ. ಹಚ್ಚಿ, ಲೋಟದ ಕೆಳಗಿಡಿ. ನೀರು ಸುಮಾರು 20 ಡಿಗ್ರಿ ಏರಿದಾಗ ಮುಚ್ಚಳ ಹಾಕಿ ಆರಿಸಿ. ನೀರನ್ನು ಕಲಕಿ, ಏರಿದ ಗರಿಷ್ಠ ಉಷ್ಣತೆ ಬರೆದುಕೊಂಡು ದೀಪವನ್ನು ಮತ್ತೆ ತೂಗಿ.

ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.2 ಜೂಲ್ ಬೇಕು. 100 ಗ್ರಾಂ ನೀರು 26ರಿಂದ 46 ಡಿಗ್ರಿಗೆ ಏರಿದೆ ಅನ್ನಿ: 100 × 4.2 × 20 = 8400 ಜೂಲ್, ಅಂದರೆ 8.4 ಕಿಲೋಜೂಲ್. ದೀಪದ ತೂಕ 0.7 ಗ್ರಾಂ ಇಳಿದಿದ್ದರೆ ಗ್ರಾಂಗೆ 12 ಕಿಲೋಜೂಲ್ ಆಯಿತು. ಶುದ್ಧ ಎಥನಾಲ್‌ನ ನಿಜವಾದ ಮೌಲ್ಯ ಗ್ರಾಂಗೆ ಸುಮಾರು 29.7 ಕಿಲೋಜೂಲ್.

ಅರ್ಧಕ್ಕಿಂತ ಕಡಿಮೆ ಬಂತಲ್ಲ! ಪ್ರಯೋಗ ತಪ್ಪಾಯಿತೇ?

ತಪ್ಪಾಗಿಲ್ಲ. ಮಕ್ಕಳು ಇಲ್ಲಿ ಗಾಬರಿಯಾಗಿ ಪುಸ್ತಕದ ಸಂಖ್ಯೆಗೆ ಹತ್ತಿರ ಬರುವಂತೆ ತೂಕವನ್ನು ತಿದ್ದಿಬಿಡುತ್ತಾರೆ. ದಯವಿಟ್ಟು ತಿದ್ದಲು ಬಿಡಬೇಡಿ. ಅಂಕ ಕೊಡುವಾಗ ಸರಿಯುತ್ತರಕ್ಕೆ ಕೊಡಬೇಡಿ, ಬರೆದಿಟ್ಟ ಅಳತೆಗೆ ಕೊಡಿ. ಕಾಣೆಯಾದ ಶಾಖ ಎಲ್ಲಿ ಹೋಯಿತು ಎಂಬುದೇ ಈ ಪ್ರಯೋಗದ ಜೀವ. ಒಂದಷ್ಟು ಸುತ್ತಲಿನ ಗಾಳಿಗೆ ಹೋಯಿತು, ಒಂದಷ್ಟು ಲೋಟವನ್ನು ಬಿಸಿ ಮಾಡಿತು, ಒಂದಷ್ಟು ಪೂರ್ತಿ ಉರಿಯದೆ ಮಸಿಯಾಗಿ ಲೋಟದ ತಳಕ್ಕೆ ಅಂಟಿತು. ಅಂಗಡಿಯ ಸ್ಪಿರಿಟ್‌ನಲ್ಲಿ ನೀರಿನ ಅಂಶವೂ ಇರುತ್ತದೆ.

ಈಗ ತರಗತಿಯನ್ನು ಗುಂಪು ಮಾಡಿ, ಒಂದೊಂದು ಗುಂಪು ಒಂದೊಂದನ್ನೇ ಬದಲಿಸಲಿ. ಒಬ್ಬರು ಲೋಟಕ್ಕೆ ಮುಚ್ಚಳ ಹಾಕಲಿ, ಒಬ್ಬರು ಸುತ್ತ ತಗಡಿನ ಮರೆ ಕಟ್ಟಲಿ, ಒಬ್ಬರು ದೀಪ ಮತ್ತು ಲೋಟದ ನಡುವಿನ ಅಂತರ ಬದಲಿಸಲಿ. 12 ಇದ್ದದ್ದು 15, 17 ಆದಾಗ ಅವರ ಮುಖ ನೋಡಬೇಕು.

ಹಾಗೆ ನೋಡಿದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದದ್ದೂ ಇದೇ ಹುಡುಕಾಟ. 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಲ್ಲಿ 'ಅಸ್ತ್ರ' ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ನಮ್ಮ ಎಷ್ಟೋ ಅಜ್ಜಿಯರು ಬಳಸಿದ್ದಾರೆ. ಮುಚ್ಚಿದ ಗೂಡು, ಸೌದೆಯ ಕೆಳಗೆ ಜಾಲರಿ, ಅಳತೆಯ ಗಾಳಿಕಿಂಡಿ, ಹೊಗೆ ಕೊಳವೆ. ಮಗು ತಗಡಿನ ಮರೆ ಕಟ್ಟಿದ್ದು ಯಾಕೆಂದು ಅರ್ಥವಾದರೆ ಆ ಒಲೆಯ ಒಂದೊಂದು ಭಾಗವೂ ಅರ್ಥವಾಗುತ್ತದೆ.

ಸೌದೆಗೂ ಗ್ಯಾಸಿಗೂ ನಿಜವಾಗಿ ಎಷ್ಟು ವ್ಯತ್ಯಾಸ?

8ನೇ ತರಗತಿಯ ಪಠ್ಯದಲ್ಲಿ ಬಹುಕಾಲದಿಂದ ಇರುವ ಕೋಷ್ಟಕದ ಪ್ರಕಾರ ಕೆ.ಜಿ.ಗೆ ಬೆರಣಿ 6000ದಿಂದ 8000 ಕಿಲೋಜೂಲ್, ಸೌದೆ 17000ದಿಂದ 22000, ಎಲ್‌ಪಿಜಿ 55000. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ, ಅಂದರೆ 781000 ಕಿಲೋಜೂಲ್. ಕೆಳಗಿನ ಅಂಕಿ ಹಿಡಿದರೂ 46 ಕೆ.ಜಿ. ಸೌದೆಯಲ್ಲಿ ಅಷ್ಟು ಶಾಖವಿದೆ.

ಆದರೆ ಶಾಖ ಇರುವುದು ಬೇರೆ, ಪಾತ್ರೆಗೆ ತಲುಪುವುದು ಬೇರೆ. ಗ್ಯಾಸ್ ಒಲೆಯಲ್ಲಿ ಶೇ 60, ಮೂರು ಕಲ್ಲಿನ ಒಲೆಯಲ್ಲಿ ಶೇ 10 ತಲುಪುತ್ತದೆ ಎಂದು ಹಿಡಿದು ಮತ್ತೆ ಲೆಕ್ಕ ಹಾಕಿಸಿ. ಒಂದು ಸಿಲಿಂಡರ್ ಮಾಡುವ ಅಡುಗೆಗೆ ಸುಮಾರು 275 ಕೆ.ಜಿ. ಸೌದೆ ಬೇಕಾಗುತ್ತದೆ. ಅದನ್ನು ಹೊತ್ತು ತಂದವರು ಯಾರು, ಆ ಹೊಗೆ ಕುಡಿದವರು ಯಾರು ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ, ಅವರೇ ಹೇಳುತ್ತಾರೆ.

ಯಾವ ಯಾವ ಇಂಧನ ಹೋಲಿಸಬಹುದು?

ಸ್ಪಿರಿಟ್, ಮೇಣದಬತ್ತಿ, ಹೊಂಗೆ ಎಣ್ಣೆ, ಹರಳೆಣ್ಣೆ ದೀಪ. ಶಾಲೆಯ ಹೊರಗೆ ಬಯಲಿನಲ್ಲಾದರೆ ಪುಳ್ಳೆ, ತೆಂಗಿನ ಕರಟ, ಬೆರಣಿ (ಉತ್ತರ ಕರ್ನಾಟಕದ ಕುಳ್ಳು). ಒಣ ಪುಳ್ಳೆಯನ್ನೂ ನೆನೆಸಿದ ಪುಳ್ಳೆಯನ್ನೂ ಒಂದೇ ತೂಕದಲ್ಲಿ ಉರಿಸಿ ನೋಡಿ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು, ಹಸಿ ಸೌದೆಯ ಶಾಖ ಅದಕ್ಕೇ ಸೋರಿಹೋಗುತ್ತದೆ.

ಹೊಂಗೆ ಎಣ್ಣೆಗೆ ನೇರವಾಗಿ ಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಬತ್ತಿ ಬೇಕು. ಬತ್ತಿಯಲ್ಲಿ ಏರಿದ ಎಣ್ಣೆ ಆವಿಯಾದ ಮೇಲೇ ಉರಿಯುವುದು. ಪೆಟ್ರೋಲ್ ಹಾಗಲ್ಲ, ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಉರಿಯುವಷ್ಟು ಆವಿ ಅದರ ಮೇಲಿರುತ್ತದೆ. ಅದಕ್ಕೇ ಪೆಟ್ರೋಲ್ ಶಾಲೆಯೊಳಗೆ ಒಂದು ಹನಿಯೂ ಬೇಡ. ಡೀಸೆಲ್, ಸೀಮೆಎಣ್ಣೆಯೂ ಬೇಡ.

ಗ್ಯಾಸಿನ ಜ್ವಾಲೆ ನೀಲಿ, ಮೇಣದಬತ್ತಿಯದು ಹಳದಿ. ಯಾಕೆ?

ಹಳದಿ ಬೆಳಕು ಕೊಡುವುದು ಇನ್ನೂ ಉರಿಯದ ಇಂಗಾಲದ ಕಣಗಳು, ಕಾದು ಹೊಳೆಯುತ್ತಿರುತ್ತವೆ. ಬಿಳಿ ಪಿಂಗಾಣಿ ತಟ್ಟೆಯನ್ನು ಕ್ಷಣಕಾಲ ಹಳದಿ ಭಾಗಕ್ಕೆ ಹಿಡಿದರೆ ಆ ಕಣಗಳೇ ಮಸಿಯಾಗಿ ಸಿಗುತ್ತವೆ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1848ರಲ್ಲೊಮ್ಮೆ, 1860ರಲ್ಲಿ ಮತ್ತೊಮ್ಮೆ ಮಕ್ಕಳಿಗಾಗಿ ಬರೀ ಮೇಣದಬತ್ತಿಯ ಮೇಲೆ ಉಪನ್ಯಾಸ ಮಾಲೆಯನ್ನೇ ಕೊಟ್ಟರು.

ಹೊಗೆಗೂ ನೀರಿಗೂ ಸಂಬಂಧ ತೋರಿಸುವ ಪ್ರಯೋಗ ಇದೆಯೇ?

ಇದೆ, ಅದೂ ಹತ್ತು ನಿಮಿಷದ್ದು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣ ತೆಗೆದುಕೊಳ್ಳಿ. ಇದು ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಜಾಡಿಯ ತಳದಲ್ಲಿ ಸ್ವಲ್ಪ ಹಾಕಿ, ಒಳಗೆ ಒಂದೆರಡು ಬೆಂಕಿಕಡ್ಡಿ ಗೀರಿ ಹಿಡಿದು, ಮುಚ್ಚಿ ಕುಲುಕಿ. ಕಡ್ಡಿಯ ತಲೆಯ ಗಂಧಕ ಉರಿದು ಬಂದ ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ಬಣ್ಣ ಗುಲಾಬಿಗೆ ತಿರುಗುತ್ತದೆ. ಆಮ್ಲಮಳೆಯ ಮೂಲ ಇದೇ. ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ವಾಹನಗಳ ಹೊಗೆಗೆ ಮಿತಿ ಹಾಕುವ ಮಾನಕ) ಪೆಟ್ರೋಲ್, ಡೀಸೆಲ್‌ನಲ್ಲಿ ಗಂಧಕವನ್ನು 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಭಾಗ) 10 ಪಿಪಿಎಂಗೆ ಇಳಿಸಿದ್ದಕ್ಕೆ ಒಂದು ಕಾರಣ ಮಕ್ಕಳಿಗೆ ಕಣ್ಣೆದುರೇ ಸಿಗುತ್ತದೆ.

ಈಗ ಅದೇ ಬಣ್ಣಕ್ಕೆ ಒಲೆಯ ಬೂದಿ ಕಲಕಿದ ತಿಳಿನೀರು ಹಾಕಿ. ಹಸಿರು! ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬನೇಟ್ ಇದೆ, ಜಿಡ್ಡು ಬಿಡಿಸಲು ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದೇ ಬೆಂಕಿಯ ಹೊಗೆ ನೀರನ್ನು ಒಂದು ಕಡೆಗೆ, ಬೂದಿ ಇನ್ನೊಂದು ಕಡೆಗೆ ಎಳೆಯುತ್ತದೆ.

ನೀರಿನ ಮಾದರಿಯನ್ನು ಹೇಗೆ ತರಬೇಕು?

ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ನಲ್ಲಿ ಅಥವಾ ಕೊಳವೆಬಾವಿಯಾದರೆ ಎರಡು ಮೂರು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಬೇಕು. ಎಲ್ಲಿಯದು, ಯಾವ ದಿನ, ಎಷ್ಟು ಗಂಟೆ ಎಂದು ಅಲ್ಲೇ ಚೀಟಿ ಅಂಟಿಸಬೇಕು. ಬಾವಿ, ಕೊಳವೆಬಾವಿ, ತೊಂಬೆ, ಕೆರೆ, ಶುದ್ಧ ನೀರಿನ ಘಟಕ, ಮಳೆನೀರು ಆರೂ ಸಿಕ್ಕರೆ ಒಳ್ಳೆಯ ಹೋಲಿಕೆ. ಮಕ್ಕಳು ಕೆರೆಗೆ ಒಬ್ಬೊಬ್ಬರೇ ಹೋಗಬಾರದು. ನೀರಿಗೆ ಇಳಿಯದೆ, ಹಗ್ಗ ಕಟ್ಟಿದ ಡಬ್ಬದಿಂದ ಸೇದಬೇಕು, ಜೊತೆಗೆ ದೊಡ್ಡವರಿರಬೇಕು. ರುಚಿ ನೋಡುವುದು ಬೇಡವೇ ಬೇಡ.

ಟಿಡಿಎಸ್ ಮೀಟರಿನಲ್ಲಿ 50 ಬಂದರೆ ಒಳ್ಳೆಯ ನೀರು, 600 ಬಂದರೆ ಕೆಟ್ಟ ನೀರು ಅಲ್ಲವೇ?

ಅಲ್ಲ. ಆ ಪೆನ್ನಿನಂಥ ಮೀಟರು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು, ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ, ಕರಗಿದ ಲವಣ ಇಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ರೋಗಾಣು ಅದಕ್ಕೆ ಕಾಣಿಸುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅದು ಅಪಾಯಕಾರಿ, ಆದರೆ ಮೀಟರಿನ 600ರಲ್ಲಿ ಆ 2 ಎಲ್ಲಿ ಎಂದು ಹುಡುಕುತ್ತೀರಿ? ಚರಂಡಿ ನೀರು ಬೆರೆತ ಮಳೆನೀರಿನ ಟಿಡಿಎಸ್ ಕಡಿಮೆಯೇ ಇರುತ್ತದೆ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ 500 ಮಿಲಿಗ್ರಾಂವರೆಗೆ ಒಪ್ಪಿಗೆ ಕೊಡುತ್ತದೆ, ಬೇರೆ ಮೂಲ ಇಲ್ಲದಿದ್ದರೆ 2000ವರೆಗೆ.

ಮನೆಗೆ ಬಂದ ಮಾರಾಟಗಾರ ನಮ್ಮ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನೀರು ಕಂದು ಬಣ್ಣಕ್ಕೆ ತಿರುಗಿ ಗಲೀಜಾಯಿತು. ಅವನ ಶುದ್ಧ ನೀರು ಹಾಗೇ ಇತ್ತು. ಇದೇನು?

ಇದು ಮೋಸದ ಪ್ರದರ್ಶನ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ವಿದ್ಯುತ್ ಹರಿದಾಗ ಕಬ್ಬಿಣವೇ ಕರಗಿ ತುಕ್ಕಿನ ಬಣ್ಣದ ಗಸಿಯಾಗುತ್ತದೆ. ಗಲೀಜು ನೀರಿನಲ್ಲಿ ಇರಲಿಲ್ಲ, ಕಡ್ಡಿಯಿಂದ ಬಂತು. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದ ಕಾರಣ ಏನೂ ಆಗುವುದಿಲ್ಲ. ತರಗತಿಯಲ್ಲಿ 9 ವೋಲ್ಟ್ ಬ್ಯಾಟರಿ ಮತ್ತು ಎರಡು ಮೊಳೆ ಸಾಕು: ಶುದ್ಧ ಘಟಕದ ನೀರಿಗೇ ಚಿಟಿಕೆ ಅಡುಗೆ ಉಪ್ಪು ಹಾಕಿ ಮಾಡಿ ತೋರಿಸಿ, ಅದೂ ಕಂದಾಗುತ್ತದೆ. ಕಿಟಕಿ ತೆರೆದಿರಲಿ, ಮನೆಯ ಕರೆಂಟಿನಿಂದ ಮಾತ್ರ ಮಾಡಬೇಡಿ. ಒಬ್ಬ ಹುಡುಗ ಇದನ್ನು ಕಲಿತು ಹೋದರೆ ಅವನ ಓಣಿಯಲ್ಲಿ ನಾಲ್ಕು ಮನೆಗಳ ದುಡ್ಡು ಉಳಿಯುತ್ತದೆ.

ನಮ್ಮೂರ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ಅಳೆಯುವುದು ಹೇಗೆ?

ಸ್ನಾನದ ಸೋಪು 1 ಗ್ರಾಂ ತುರಿದು 100 ಮಿ.ಲೀ. ಮಳೆನೀರಿನಲ್ಲಿ ಕರಗಿಸಿ. ಪ್ರನಾಳದಲ್ಲಿ 10 ಮಿ.ಲೀ. ಮಾದರಿ ತೆಗೆದುಕೊಂಡು ಹನಿಹನಿಯಾಗಿ ಸೋಪಿನ ದ್ರಾವಣ ಹಾಕಿ ಕುಲುಕಿ. ಒಂದು ಸೆಂ.ಮೀ. ನೊರೆ ಅರ್ಧ ನಿಮಿಷ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತು ಎಂದು ಎಣಿಸಿ. ಮಳೆನೀರಿಗೆ ಕೆಲವೇ ಹನಿ ಸಾಕಾದರೆ ಬಯಲುಸೀಮೆಯ ಕೊಳವೆಬಾವಿ ನೀರಿಗೆ ಅದರ ಎಷ್ಟೋ ಪಟ್ಟು ಬೇಕಾಗುತ್ತದೆ.

ಅದೇ ಕೊಳವೆಬಾವಿ ನೀರನ್ನು ಕುದಿಸಿ, ಆರಿಸಿ, ಸೋಸಿ ಮತ್ತೆ ಎಣಿಸಿ. ಹನಿ ಕಡಿಮೆಯಾದರೆ ಅಷ್ಟು ಭಾಗ ತಾತ್ಕಾಲಿಕ ಗಡಸುತನ. ಸುಣ್ಣದ ತಿಳಿನೀರಿಗೆ ಊದುತ್ತಾ ಹೋದಾಗ ಬಿಳುಪು ಮಾಯವಾಯಿತಲ್ಲ, ಅದರ ತಿರುಗುಮುರುಗು ಇದು. ಕುದಿಸಿದಾಗ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 600.

ಫ್ಲೋರೈಡ್ ಇದೆಯೇ ಎಂದು ಶಾಲೆಯಲ್ಲಿ ತಿಳಿಯಬಹುದೇ? ಕುದಿಸಿದರೆ ಹೋಗುತ್ತದೆಯೇ?

ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಸಾಂದ್ರತೆ ಸ್ವಲ್ಪ ಹೆಚ್ಚೇ ಆಗುತ್ತದೆ. ನೈಟ್ರೇಟ್ ಕೂಡ ಅಷ್ಟೇ. ಕುದಿಸುವುದು ರೋಗಾಣುಗಳಿಗೆ ಮದ್ದು, ಲವಣಗಳಿಗಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯವರಿಗೆ ಫ್ಲೋರೈಡಿನ ಕಷ್ಟ ಹೊಸದಲ್ಲ. ಗ್ರಾನೈಟ್‌ನಂಥ ಬಂಡೆಗಳ ಖನಿಜದಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಮನೆಯ ಸಾಮಾನಿನಿಂದ ಇದನ್ನು ಪತ್ತೆ ಮಾಡಲಾಗದು. ಆದರೆ 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ (ಹಳ್ಳಿಯ ಮನೆಗಳಿಗೆ ನಲ್ಲಿ ನೀರು ಕೊಡುವ, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎನ್ನುವ) ಯೋಜನೆಯಡಿ ಹಳ್ಳಿಗಳಿಗೆ ನೀರು ಪರೀಕ್ಷಾ ಕಿಟ್ ಕೊಟ್ಟು ಪ್ರತಿ ಊರಿನಲ್ಲಿ ಐವರಿಗೆ, ಅದರಲ್ಲೂ ಮಹಿಳೆಯರಿಗೆ, ತರಬೇತಿ ಕೊಡಬೇಕೆಂದಿದೆ. ಪಂಚಾಯಿತಿಯಲ್ಲಿ ಕೇಳಿ ಅವರನ್ನೇ ಶಾಲೆಗೆ ಕರೆಸಿ. ಊರಿನ ಅಕ್ಕನೊಬ್ಬಳು ಬಂದು ಫ್ಲೋರೈಡ್ ಅಳೆದು ತೋರಿಸಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ.

ಇನ್ನೊಂದು ಮಾತು. ತರಗತಿಯಲ್ಲಿ ಹಲ್ಲು ಕಂದಾದ ಮಕ್ಕಳು ಇರುತ್ತಾರೆ. ಫ್ಲೋರೋಸಿಸ್ ಪಾಠ ಮಾಡುವಾಗ ಅವರನ್ನು ಎದ್ದು ನಿಲ್ಲಿಸಿ ಉದಾಹರಣೆಯಾಗಿ ತೋರಿಸಬೇಡಿ. ಚಿತ್ರ ಸಾಕು.

ರೋಗಾಣು ಇದೆಯೇ ಎಂದು ನೋಡುವುದು ಹೇಗೆ?

ಕಪ್ಪಾಗುವ ಬಾಟಲಿಯ ಪರೀಕ್ಷೆ ಸರಳ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಈ ಪರೀಕ್ಷೆಗೆಂದೇ ಸಿದ್ಧಪಡಿಸಿದ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಮಲದಿಂದ ಬರುವ ಬ್ಯಾಕ್ಟೀರಿಯಾಗಳ ಜೊತೆಗಿರುವ, ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುವ ಜೀವಿಗಳಿದ್ದರೆ ನೀರು ಕಪ್ಪಾಗುತ್ತದೆ. ಕಪ್ಪಾದರೆ ಅನುಮಾನ ಬಲವಾಯಿತು. ಕಪ್ಪಾಗದಿದ್ದರೆ ನೀರು ಸಂಪೂರ್ಣ ಸುರಕ್ಷಿತ ಎಂದು ಹೇಳಲಾಗದು. ಮಾನಕದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲಿ (ಕರುಳಿನಲ್ಲಿರುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು, ಅದನ್ನು ಖಚಿತವಾಗಿ ಹೇಳುವುದು ಲ್ಯಾಬ್ ಮಾತ್ರ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಬಾರದು.

ನೀರಿನಲ್ಲಿ ಆಮ್ಲಜನಕ ಖರ್ಚಾಗುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಬಹುದೇ?

ಬಹುದು. ಜೀವಶಾಸ್ತ್ರದ ಲ್ಯಾಬಿನಲ್ಲೋ ಅಕ್ವೇರಿಯಂ ಅಂಗಡಿಯಲ್ಲೋ ಸಿಗುವ ಮೆಥಿಲೀನ್ ಬ್ಲೂ ಬೇಕು. ಒಂದೇ ಅಳತೆಯ ಬಾಟಲಿಗಳಿಗೆ ಬೇರೆ ಬೇರೆ ಮಾದರಿ ತುಂಬಿ: ನಲ್ಲಿ ನೀರು, ಕೆರೆ ನೀರು, ಅರ್ಧ ಚಮಚ ಹಾಲು ಬೆರೆಸಿದ ಕೆರೆ ನೀರು, ಹಾಗೆಯೇ ಹಾಲು ಬೆರೆಸಿ ಕುದಿಸಿ ಆರಿಸಿದ ಕೆರೆ ನೀರು. ಎಲ್ಲಕ್ಕೂ ಅಷ್ಟೇ ಹನಿ ನೀಲಿ ಹಾಕಿ, ಗಾಳಿಗುಳ್ಳೆ ಉಳಿಯದಂತೆ ಬಾಯಿವರೆಗೆ ತುಂಬಿ, ಮುಚ್ಚಿ, ಕತ್ತಲಲ್ಲಿ ಇಡಿ. ಬೆಳಕಿದ್ದರೆ ಪಾಚಿ ಆಮ್ಲಜನಕ ಉತ್ಪಾದಿಸಿ ಲೆಕ್ಕ ಕೆಡಿಸುತ್ತದೆ.

ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸಿದ ಮೇಲೆ ನೀಲಿ ಮಾಯವಾಗುತ್ತದೆ. ಹಾಲು ಬೆರೆಸಿದ ಕೆರೆ ನೀರು ಮೊದಲು ಬಿಳಿಚಿಕೊಳ್ಳುತ್ತದೆ, ಕುದಿಸಿದ್ದು ಬಹಳ ಹೊತ್ತು ನೀಲಿಯಾಗಿಯೇ ಇರುತ್ತದೆ. ಎರಡರಲ್ಲೂ ಹಾಲು ಒಂದೇ, ವ್ಯತ್ಯಾಸ ಜೀವಿಗಳದು. ಬಿಳಿಚಿದ ಬಾಟಲಿಯನ್ನು ತೆರೆದು ಗಾಳಿ ಬಿಟ್ಟು ಕುಲುಕಿದರೆ ನೀಲಿ ಮರಳುತ್ತದೆ. ಹಾಲಿನ ಡೇರಿಗಳಲ್ಲೂ ಇದೇ ಬಣ್ಣ ಬಳಸಿ ಹಾಲು ಎಷ್ಟು ತಾಜಾ ಎಂದು ನೋಡುತ್ತಾರೆ, ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೆ ಇದು ಗೊತ್ತಿರಬಹುದು. ಜಾಡಿಯೊಳಗೆ ಬತ್ತಿ ಆರಿದ ಸಮಯವನ್ನೂ ಬಾಟಲಿಯ ನೀಲಿ ಆರಿದ ಸಮಯವನ್ನೂ ಒಂದೇ ಹಾಳೆಯಲ್ಲಿ ಬರೆಸಿ. ಒಂದು ಸೆಕೆಂಡುಗಳಲ್ಲಿ, ಇನ್ನೊಂದು ಗಂಟೆ, ದಿನಗಳಲ್ಲಿ. ಬೆಳ್ಳಂದೂರಿನ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ.

ನುಗ್ಗೆ ಬೀಜದಿಂದ ಕೆಸರು ನೀರು ತಿಳಿಯಾಗುವುದು ನಿಜವೇ?

ನಿಜ. ಒಣ ಬೀಜದ ಸಿಪ್ಪೆ ತೆಗೆದು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ, ಕೆಸರು ನೀರಿಗೆ ಬೆರೆಸಿ ನಿಧಾನವಾಗಿ ಕಲಕಿ ಬಿಡಿ. ಅದರ ಪ್ರೋಟೀನ್ ಧನ ವಿದ್ಯುದಾವೇಶದ್ದು, ಋಣ ಆವೇಶದ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದ ಹಿರಿಯರ ಪದ್ಧತಿಯೂ ಇದೇ ಕೆಲಸ ಮಾಡುತ್ತದೆ. ಪಟಿಕದ ಜೊತೆ ಹೋಲಿಸಿ. ತಿಳಿಯಾದ ನೀರು ಕುಡಿಯಲು ಯೋಗ್ಯ ಎಂದಲ್ಲ, ಕುದಿಸದೆ ಕುಡಿಯಬಾರದು.

ಫಲಿತಾಂಶವನ್ನು ಊರಿನವರಿಗೆ ಹೇಳಬಹುದೇ?

ಹೇಳಿ, ಆದರೆ ಮಾತು ತೂಗಿ ಹೇಳಿ. "ಈ ಬಾವಿಯ ನೀರು ವಿಷ" ಎಂದು ಮಗು ಮನೆಗೆ ಹೋಗಿ ಹೇಳಿದರೆ ಊರಿನಲ್ಲಿ ಗಲಾಟೆಯಾಗುತ್ತದೆ, ಬಾವಿಯ ಮನೆಯವರಿಗೆ ಅವಮಾನವಾಗುತ್ತದೆ. "ಈ ನೀರು ಒಳ್ಳೆಯದು" ಎಂದು ಹೇಳುವುದು ಅದಕ್ಕಿಂತ ಅಪಾಯ. ಶಾಲೆಯ ಪರೀಕ್ಷೆ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಅನುಮಾನ ಬಂದರೆ ಮೊದಲು ಎರಡನೇ ಸಲ ಪರೀಕ್ಷಿಸಿ, ಆಮೇಲೆ ಮುಖ್ಯ ಶಿಕ್ಷಕರ ಸಹಿಯೊಂದಿಗೆ ಗ್ರಾಮ ಪಂಚಾಯಿತಿಗೆ ಪತ್ರ ಬರೆದು, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಮಾದರಿ ಕಳಿಸಲು ಕೇಳಿ. ನೀರುಗಂಟಿಯನ್ನು ಮಾತನಾಡಿಸಿ. ಟ್ಯಾಂಕ್ ಯಾವಾಗ ತೊಳೆದದ್ದು, ಬ್ಲೀಚಿಂಗ್ ಪುಡಿ ಯಾವಾಗ ಹಾಕಿದ್ದು, ಪೈಪು ಎಲ್ಲಿ ಚರಂಡಿ ದಾಟುತ್ತದೆ ಎಂಬುದೆಲ್ಲ ಅವರಿಗೇ ಗೊತ್ತು.

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇದರಲ್ಲಿ ಯಾವುದು ಒಳ್ಳೆಯ ವಿಷಯ?

ನಿಮ್ಮ ಊರಿನದ್ದೇ ಯಾವುದಾದರೂ. ಬಿಸಿಯೂಟದ ಅಡುಗೆಗೆ ವಾರಕ್ಕೆ ಎಷ್ಟು ಗ್ಯಾಸ್ ಖರ್ಚಾಗುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದರೆ ಎಷ್ಟು ಉಳಿಯುತ್ತದೆ? ಮಳೆಗಾಲದ ಮೊದಲು ಮತ್ತು ನಂತರ ಒಂದೇ ಕೊಳವೆಬಾವಿಯ ಗಡಸುತನ ಎಷ್ಟು? ಇಂಥ ಪ್ರಶ್ನೆಗೆ ಇಂಟರ್‌ನೆಟ್‌ನಲ್ಲಿ ಉತ್ತರ ಸಿಗುವುದಿಲ್ಲ, ಆದ್ದರಿಂದಲೇ ಅದು ಒಳ್ಳೆಯ ಪ್ರಶ್ನೆ. ಥರ್ಮಾಕೋಲಿನ ಮಾದರಿಗಿಂತ ಮೂರು ತಿಂಗಳ ಅಳತೆಯ ಪುಸ್ತಕವೇ ತೀರ್ಪುಗಾರರ ಮುಂದೆ ಮಾತಾಡುತ್ತದೆ.

ಪ್ರಯೋಗ ಮುಗಿದ ಮೇಲೆ ಉಳಿದದ್ದನ್ನು ಎಲ್ಲಿ ಚೆಲ್ಲಬೇಕು?

ಸುಣ್ಣದ ನೀರು, ದಾಸವಾಳ, ಸೋಪು, ಪಟಿಕದ ನೀರನ್ನು ಹೆಚ್ಚು ನೀರು ಬೆರೆಸಿ ಬಚ್ಚಲಿಗೆ ಬಿಡಬಹುದು. ಬೂದಿ ಪೂರ್ತಿ ಆರಿದ ಮೇಲೆ ಗಿಡದ ಬುಡಕ್ಕೆ, ಸ್ವಲ್ಪವೇ. ಉಳಿದ ಎಣ್ಣೆ ಮತ್ತು ಸ್ಪಿರಿಟ್ ತಮ್ಮ ತಮ್ಮ ಬಾಟಲಿಗೆ ಮರಳಿ ಹೋಗಿ ಬೀಗದೊಳಗೆ ಇರಲಿ. ಫ್ಲೋರೈಡ್ ಕಿಟ್ಟಿನ ದ್ರಾವಣಗಳು ಆಮ್ಲೀಯ, ಅವನ್ನು ಕಿಟ್ ತಂದವರ ಕೈಗೇ ವಾಪಸ್ ಕೊಡಿ. ಕಪ್ಪಾದ ಬಾಟಲಿಗಳಿಗೆ ಶಿಕ್ಷಕರೇ ಕೈಗವಸು ಹಾಕಿಕೊಂಡು ಬ್ಲೀಚಿಂಗ್ ಪುಡಿಯ ದ್ರಾವಣ ಸುರಿದು ಅರ್ಧ ಗಂಟೆ ಬಿಟ್ಟು ಶೌಚಾಲಯಕ್ಕೆ ಹಾಕಬೇಕು. ಬ್ಲೀಚಿಂಗ್ ಪುಡಿಯನ್ನು ಆಮ್ಲ ಅಥವಾ ವಿನೆಗರ್ ಜೊತೆ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಕೆರೆಯಿಂದ ತಂದ ನೀರಿನಲ್ಲಿ ಸಣ್ಣ ಮೀನೋ ಗೊದಮೊಟ್ಟೆಯೋ ಬಂದಿದ್ದರೆ ಬಣ್ಣ ಹಾಕುವ ಮೊದಲೇ ಬೇರೆ ಡಬ್ಬಕ್ಕೆ ತೆಗೆದು, ಅದೇ ದಿನ ಅದೇ ಕೆರೆಗೆ ಬಿಟ್ಟು ಬನ್ನಿ.